ಮುಖದ ಸಿಡಿಲುನೋವು: ಹಲ್ಲು ಕೀಳಿಸುವ ಮುನ್ನ ತಿಳಿಯಬೇಕಾದುದು



ರೊಟ್ಟಿಯ ತುತ್ತನ್ನು ಅಗಿಯುವಾಗ, ತಣ್ಣೀರಿನಿಂದ ಮುಖ ತೊಳೆಯುವಾಗ, ಹಣೆಗೆ ವಿಭೂತಿ ಧರಿಸುವಾಗ ಅಥವಾ ಕೇವಲ ಗಾಳಿ ಸೋಕಿದಾಗ ಮುಖದ ಒಂದು ಬದಿಯಲ್ಲಿ ಸಿಡಿಲು ಹೊಡೆದಂತೆ ನೋವು ಹರಿದು, ಕೆಲವೇ ಕ್ಷಣಗಳಲ್ಲಿ ಅಡಗುವುದುಂಟು. ವೈದ್ಯರು ಇದನ್ನು ‘ಟ್ರೈಜೆಮಿನಲ್ ನ್ಯೂರಾಲ್ಜಿಯಾ’ ಎನ್ನುತ್ತಾರೆ. ಐವತ್ತು ದಾಟಿದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಇದು ಹೆಚ್ಚು. ಹಲ್ಲುನೋವೆಂದು ಭಾವಿಸಿ ಒಂದಾದ ಮೇಲೊಂದು ಗಟ್ಟಿ ಹಲ್ಲನ್ನು ಕೀಳಿಸಿಕೊಳ್ಳುವವರಿದ್ದಾರೆ. ಹಲ್ಲು ಹೋಗುತ್ತದೆ, ನೋವು ಉಳಿಯುತ್ತದೆ. ಏಕೆಂದರೆ ದೋಷದ ಮೂಲ ದವಡೆಯಲ್ಲಿಲ್ಲ, ಮೆದುಳಿನ ಬುಡದಲ್ಲಿದೆ.

ಮುಖದ ಸ್ಪರ್ಶವನ್ನು ಮೆದುಳಿಗೆ ಮುಟ್ಟಿಸುವ ನರವು ಹಣೆ, ಕೆನ್ನೆ, ದವಡೆಗಳಿಗೆ ಮೂರು ಕವಲಾಗಿ ಹರಡಿದೆ. ಈ ನರ ಮೆದುಳಿನಿಂದ ಹೊರಡುವೆಡೆಯಲ್ಲಿ ರಕ್ತನಾಳವೊಂದು ಅದರ ಮೇಲೆ ಒರಗಿ, ಪ್ರತಿ ನಾಡಿಮಿಡಿತಕ್ಕೂ ಒತ್ತುತ್ತಿದ್ದರೆ ನರದ ಹೊರಕವಚ ಸವೆಯುತ್ತದೆ. ಆಗ ಹಗುರ ಸ್ಪರ್ಶವೂ ತೀವ್ರ ನೋವಾಗಿ ಪರಿಣಮಿಸುತ್ತದೆ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1930ರ ದಶಕದಲ್ಲಿಯೇ ಈ ಒತ್ತುವಿಕೆಯನ್ನು ಗುರುತಿಸಿದ್ದರು. 1960ರ ದಶಕದಲ್ಲಿ ಪೀಟರ್ ಜನೆಟ್ಟಾ ಅವರು ಸೂಕ್ಷ್ಮದರ್ಶಕದ ನೆರವಿನಿಂದ ನಾಳವನ್ನು ನರದಿಂದ ಬೇರ್ಪಡಿಸುವ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದರು.

ಮೊದಲ ಚಿಕಿತ್ಸೆ ಮಾತ್ರೆಯೇ. ಕಾರ್ಬಮಾಜೆಪಿನ್ ಬಹುಜನರಿಗೆ ಉಪಶಮನ ನೀಡುತ್ತದೆ. ಅದನ್ನು ಸೇವಿಸುವವರು ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಮೈಮೇಲೆ ಗಂದೆ ಎದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನೋವು ತಗ್ಗಿತೆಂದು ತಾವಾಗಿಯೇ ನಿಲ್ಲಿಸಬಾರದು.

ಮಾತ್ರೆಗೆ ನೋವು ಬಗ್ಗದಿದ್ದಾಗ ಅಥವಾ ಮಾತ್ರೆ ಮೈಗೆ ಒಗ್ಗದಿದ್ದಾಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಆಗ ದಾರಿ ತೋರುವುದು ಎಂಆರ್‌ಐ ಚಿತ್ರ. ಒಂದು ಮಿಲಿಮೀಟರಿಗಿಂತ ತೆಳುವಾದ ಪದರಗಳಲ್ಲಿ ತೆಗೆದ ವಿಶೇಷ ಚಿತ್ರದಲ್ಲಿ ಮೆದುಳಿನ ಸುತ್ತಲಿನ ನೀರು ಬೆಳ್ಳಗೆ, ಅದರ ನಡುವೆ ನರವೂ ನಾಳವೂ ಕಪ್ಪು ಗೆರೆಗಳಾಗಿ ಕಾಣುತ್ತವೆ. ರಕ್ತನಾಳಗಳನ್ನು ಬೆಳಗಿಸಿ ತೋರುವ ಮತ್ತೊಂದು ಚಿತ್ರವನ್ನು ಇದರೊಡನೆ ಹೋಲಿಸಿದಾಗ ಯಾವ ನಾಳ, ಎಲ್ಲಿ, ಎಷ್ಟು ಒತ್ತುತ್ತಿದೆ ಎಂಬುದು ತಿಳಿಯುತ್ತದೆ. ಗಡ್ಡೆಯಿದ್ದರೂ ಗೊತ್ತಾಗುತ್ತದೆ, ಆಗ ಚಿಕಿತ್ಸೆಯ ದಾರಿಯೇ ಬೇರೆ.

ಆದರೆ ಒಂದು ಮಾತನ್ನು ನಾವು ಒತ್ತಿ ಹೇಳಬಯಸುತ್ತೇವೆ. ನೋವೇ ಇಲ್ಲದ ಅನೇಕರಲ್ಲಿಯೂ ನಾಳವು ನರವನ್ನು ಸೋಕಿರುತ್ತದೆ. ಆದ್ದರಿಂದ ರೋಗವನ್ನು ನಿರ್ಣಯಿಸುವುದು ರೋಗಿಯ ಮಾತು. ಚಿತ್ರವು ಶಸ್ತ್ರಚಿಕಿತ್ಸೆಗೆ ನಕಾಶೆ ಮಾತ್ರ. ನಾಳವು ಬರಿದೆ ಸೋಕಿದ್ದರೆ ಫಲ ಕಡಿಮೆ. ನರವನ್ನು ಒತ್ತಿ ಬಾಗಿಸಿದ್ದರೆ ಫಲದ ಭರವಸೆ ಹೆಚ್ಚು.

ಶಸ್ತ್ರವೈದ್ಯರು ಕಿವಿಯ ಹಿಂದೆ ಸಣ್ಣ ರಂಧ್ರ ಮಾಡಿ, ನಾಳವನ್ನು ಸರಿಸಿ, ನಡುವೆ ಟೆಫ್ಲಾನ್ ತುಣುಕನ್ನಿಡುತ್ತಾರೆ. ಜನೆಟ್ಟಾ ಅವರ ತಂಡವು 1996ರಲ್ಲಿ ಪ್ರಕಟಿಸಿದ ವರದಿಯಂತೆ, ಹತ್ತು ವರ್ಷಗಳ ಬಳಿಕವೂ ಶೇ. 70ರಷ್ಟು ರೋಗಿಗಳು ಮಾತ್ರೆಯಿಲ್ಲದೆ ನೋವುಮುಕ್ತರಾಗಿದ್ದರು. ಕಿವಿ ಮಂದವಾಗುವ, ಮುಖ ಜೋಮು ಹಿಡಿಯುವ ಅಪಾಯ ಕೆಲವರಿಗುಂಟು. ದೊಡ್ಡ ಶಸ್ತ್ರಚಿಕಿತ್ಸೆ ತಾಳದ ವೃದ್ಧರಿಗೆ ಸೂಜಿಯಿಂದ ನರವನ್ನು ಶಮನಗೊಳಿಸುವ ಹಾಗೂ ಗಾಮಾ ನೈಫ್ ವಿಕಿರಣದ ಮಾರ್ಗಗಳಿವೆ.

ಎಂಆರ್‌ಐ ಯಂತ್ರವೊಂದು ಬಲವಾದ ಅಯಸ್ಕಾಂತ. ಅದರಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹವಿದ್ದವರು ಮೊದಲೇ ತಿಳಿಸಬೇಕು. ತಾಳಿ, ಬಳೆಗಳಂತೆ ಬೆಳ್ಳಿಯ ಕರಡಿಗೆಯನ್ನೂ ಹೊರಗಿಡಬೇಕಾಗುತ್ತದೆ. ಸದ್ಭಕ್ತರು ಇದಕ್ಕೆ ಅಳುಕಬೇಕಿಲ್ಲ; ಅಷ್ಟು ಹೊತ್ತು ಆಪ್ತರ ಕೈಯಲ್ಲಿ ಭಕ್ತಿಯಿಂದ ಒಪ್ಪಿಸಿ, ಹೊರಬಂದೊಡನೆ ಧರಿಸಬಹುದು.

ನಾಗನೂರ, ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದವರಿಗೆ ಬೆಳಗಾವಿಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ವಿಭಾಗ ಸಮೀಪದ್ದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಬಿಪಿಎಲ್ ಕಾರ್ಡ್ ಉಳ್ಳವರು ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಮೊದಲೇ ವಿಚಾರಿಸಿಕೊಳ್ಳಲಿ. ಹೋಗುವಾಗ ನೋವು ಯಾವ ಬದಿ, ಎಷ್ಟು ಹೊತ್ತು, ಏನು ಮಾಡಿದರೆ ಬರುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದೊಯ್ಯಿರಿ. ಆ ಚೀಟಿಯೇ ವೈದ್ಯರಿಗೆ ಮೊದಲ ಚಿತ್ರ.