ದೋಷವುಳ್ಳ ಕೌದಿ: ಸರಿಪಡಿಸುವುದೇ, ಬಿಚ್ಚಿ ಮರಳಿ ಹೊಲಿಯುವುದೇ?

ಪೀಠಿಕೆ

ಹಳೆಯ ಸೀರೆ, ಧೋತರಗಳನ್ನು ಪದರಗಳಾಗಿ ಜೋಡಿಸಿ, ಕೈಹೊಲಿಗೆಯ ಸಾಲುಗಳಿಂದ ಬಂಧಿಸಿದ ಕೌದಿಯು ಉತ್ತರ ಕರ್ನಾಟಕದ ಪರಂಪರಾಗತ ಹೊದಿಕೆಯಾಗಿದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯೂ ಇದೇ ಬಗೆಯದು. ಹೊಲಿಗೆ ಅರ್ಧಕ್ಕಿಂತ ಮುಂದೆ ಸಾಗಿದ ಮೇಲೆ ದೋಷ ಕಂಡುಬಂದಲ್ಲಿ ಏನು ಮಾಡಬೇಕೆಂಬ ಬಗ್ಗೆ, ಮಾರಾಟಕ್ಕಾಗಿ ಕೌದಿ ಹೊಲಿಯುವ ಸ್ವಸಹಾಯ ಗುಂಪುಗಳ ಸದಸ್ಯರಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮೊದಲು ಪರೀಕ್ಷಿಸಬೇಕಾದ ಅಂಶಗಳು

1. ಅಡಿಬಟ್ಟೆ: ಬೆಳಕಿಗೆ ಹಿಡಿದು ನೋಡಿ, ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಎಳೆಯಬೇಕು. ಎಳೆಗಳು ಸರಿದರೆ ಅಥವಾ ಹರಿದರೆ ಬಟ್ಟೆ ಜೀರ್ಣವಾಗಿದೆಯೆಂದು ತಿಳಿಯಬೇಕು.
2. ಬಣ್ಣ: ಒದ್ದೆಯಾದ ಬಿಳಿ ಅರಿವೆಯಿಂದ ಪ್ರತಿ ಬಣ್ಣದ ತುಂಡನ್ನೂ ಉಜ್ಜಿ, ಬಣ್ಣ ಬಿಡುವುದೇ ಎಂದು ನೋಡಬೇಕು.
3. ಸುಕ್ಕು: ಸಮತಟ್ಟಾದ ನೆಲದ ಮೇಲೆ ಹಾಸಿ, ಸುಕ್ಕು ಒಂದೆಡೆ ಮಾತ್ರ ಇದೆಯೇ, ಎಲ್ಲೆಡೆ ಹರಡಿದೆಯೇ ಎಂಬುದನ್ನು ಗುರುತಿಸಬೇಕು. ಕವಂದಿಯನ್ನು ಅಂಚಿನಿಂದ ನಡುವಿನ ಕಡೆಗೆ ಹೊಲಿಯುವುದರಿಂದ, ಸಡಿಲ ಬಟ್ಟೆಯು ನಡುವಿನಲ್ಲಿ ಶೇಖರವಾಗುತ್ತದೆ.

ಸರಿಪಡಿಸಬಹುದಾದ ದೋಷಗಳು

ಒಂದೆಡೆಯ ಸುಕ್ಕು, ಕಡಿದ ದಾರ, ಹರಿದ ಅಥವಾ ಬಣ್ಣ ಬಿಡುವ ಒಂದೆರಡು ತುಂಡು, ಓರೆಯಾದ ಅಂಚು. ಆಯಾ ಸಾಲುಗಳನ್ನಷ್ಟೇ ಬಿಚ್ಚಿ ಮರಳಿ ಹೊಲಿಯಬಹುದು. ಬಣ್ಣ ಬಿಡುವ ತುಂಡಿನ ಮೇಲೆ ಹೊಸ ತುಂಡನ್ನು ಹೊಲಿದರೆ ಸಾಲದು. ತೊಳೆದಾಗ ಬಣ್ಣ ಮೇಲಕ್ಕೂ ಸೋರುವುದರಿಂದ ಅದನ್ನು ತೆಗೆದೇ ಹಾಕಬೇಕು.

ಅಡಿಬಟ್ಟೆಯೇ ಜೀರ್ಣವಾಗಿದ್ದಲ್ಲಿ ಮೇಲಿನ ತೇಪೆಗಳು ಪ್ರಯೋಜನಕ್ಕೆ ಬಾರವು. ಆಗ ಬಿಚ್ಚಿ, ಗಟ್ಟಿ ತುಂಡುಗಳನ್ನು ಹೊಸ ಅಡಿಬಟ್ಟೆಯ ಮೇಲೆ ಹೊಲಿಯುವುದೇ ಸೂಕ್ತ. ಒಂದು ಭಾಗ ಮಾತ್ರ ಕೆಟ್ಟಿದ್ದರೆ, ಉಳಿದುದನ್ನು ಕತ್ತರಿಸಿ ಅಂಚು ಕಟ್ಟಿ, ಮಕ್ಕಳ ಕೌದಿಯಾಗಿ ಮಾಡಬಹುದು.

ಲೆಕ್ಕ ಹಾಕುವ ವಿಧಾನ

ಈಗಾಗಲೇ ವ್ಯಯವಾದ ದಿನಗಳು ಎರಡೂ ದಾರಿಗಳಲ್ಲಿ ಮರಳಿ ಬಾರವು. ಆದ್ದರಿಂದ ಅವುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಇನ್ನು ಮುಂದಿನ ಶ್ರಮವನ್ನೂ ಬರುವ ಹಣವನ್ನೂ ಮಾತ್ರ ಹೋಲಿಸಬೇಕು.

ಉದಾಹರಣೆಗೆ, 24 ದಿನಗಳ ಕೌದಿಯಲ್ಲಿ 18 ದಿನಗಳ ಕೆಲಸ ಮುಗಿದಿದೆ ಎಂದು ಭಾವಿಸೋಣ. ದುರಸ್ತಿಗೆ 4 ದಿನ, ಉಳಿದ ಹೊಲಿಗೆಗೆ 6 ದಿನ, ಒಟ್ಟು 10 ದಿನ, ಬೆಲೆ ರೂ. 1,500 ಆದರೆ ದಿನಕ್ಕೆ ರೂ. 150. ಬಿಚ್ಚಲು 2 ದಿನ, ಹೊಸದಾಗಿ ಹೊಲಿಯಲು 24 ದಿನ, ಒಟ್ಟು 26 ದಿನ, ಬೆಲೆ ರೂ. 2,600 ಆದರೆ ದಿನಕ್ಕೆ ರೂ. 100. ಇಲ್ಲಿ ದುರಸ್ತಿಯೇ ಲಾಭಕರ. ದುರಸ್ತಿಯಾದ ಕೌದಿಗೆ ರೂ. 600 ಮಾತ್ರ ದೊರೆಯುವಂತಿದ್ದರೆ ದಿನಕ್ಕೆ ರೂ. 60 ಆಗುವುದರಿಂದ, ಮರಳಿ ಹೊಲಿಯುವುದೇ ಲೇಸು. ಹೊಸ ಬಟ್ಟೆ, ದಾರಗಳ ವೆಚ್ಚವನ್ನು ಆಯಾ ಬೆಲೆಯಲ್ಲಿ ಕಳೆಯತಕ್ಕದ್ದು. ಸಾಲದ ಕಂತಿನ ದಿನಾಂಕ ಸಮೀಪಿಸಿದ್ದಲ್ಲಿ, ಬೇಗ ಹಣ ತರುವ ದಾರಿಗೆ ಆದ್ಯತೆ ನೀಡಬಹುದು.

ಗಮನಿಸಬೇಕಾದ ವಿಷಯಗಳು

ದೋಷವನ್ನು ಮುಚ್ಚಿಟ್ಟು ಮಾರಬಾರದು. ಮೊದಲ ತೊಳೆತದಲ್ಲಿ ಹರಿದ ಒಂದು ಕೌದಿಯಿಂದ ಇಡೀ ಗುಂಪಿನ ಮೇಲಿನ ವಿಶ್ವಾಸವೇ ಹೋಗುತ್ತದೆ. ದುರಸ್ತಿ ಮಾಡಿದ್ದನ್ನು ತಿಳಿಸಿ, ಬೆಲೆ ಇಳಿಸಿ ಮಾರುವುದು ಯೋಗ್ಯ.

ತಾಯಿಯ ಅಥವಾ ಅಜ್ಜಿಯ ಸೀರೆಯಿಂದ ಮನೆಗಾಗಿ ಹೊಲಿಯುವ ಕೌದಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಆ ಬಟ್ಟೆಯನ್ನು ಉಳಿಸುವುದೇ ಮುಖ್ಯ. ಸಾಲು ಓರೆಯಾದರೂ ಬೆಚ್ಚಗಿಡುವ ಕೆಲಸಕ್ಕೆ ಕುಂದಿಲ್ಲ.