ಕಾರಿನಲ್ಲಿ ಪಿಸ್ತೂಲು: ಅಮೆರಿಕದಲ್ಲಿ ರಾಜ್ಯ ದಾಟುವ ಮುನ್ನ

ಅಟ್ಲಾಂಟಾದಲ್ಲಿ ಕೆಲವು ವರ್ಷ ನೆಲೆಸಿದ್ದ ಕನ್ನಡ ಕುಟುಂಬವೊಂದು ಹೊಸ ಕೆಲಸದ ಮೇಲೆ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾಗೆ ಮನೆ ಬದಲಾಯಿಸುತ್ತಿದೆ ಎಂದಿಟ್ಟುಕೊಳ್ಳೋಣ. ಮಂಚ, ಸೋಫಾ, ಪಾತ್ರೆಪಗಡೆ ಎಲ್ಲ ಲಾರಿಗೆ ಹೋಗಿದೆ. ಅಂಗಡಿಯಿಂದ ಕಾನೂನಿನಂತೆಯೇ ಕೊಂಡ ಪಿಸ್ತೂಲೊಂದು ಉಳಿದಿದೆ, ಅದನ್ನು ಕಾರಿನಲ್ಲೇ ಒಯ್ಯಬೇಕು. ಪಿಸ್ತೂಲನ್ನು ಮೈಮೇಲೆ ಇಟ್ಟುಕೊಂಡು ಓಡಾಡುವ ಪರವಾನಗಿ ಮನೆಯೊಡೆಯರ ಬಳಿ ಇಲ್ಲ. ಜಾರ್ಜಿಯಾದಲ್ಲಿ 2022ರಿಂದ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2017ರಿಂದ ಅದು ಬೇಕಾಗಿಯೂ ಇಲ್ಲ. ತೊಡಕಿರುವುದು ನಡುವಿನ ಸಾವಿರ ಮೈಲಿಯಲ್ಲಿ. ಆ ದಾರಿಯಲ್ಲಿ ಮೇರಿಲ್ಯಾಂಡ್ ಬರುತ್ತದೆ, ನ್ಯೂಯಾರ್ಕ್ ಬರುತ್ತದೆ, ಕನೆಟಿಕಟ್ ಮತ್ತು ಮ್ಯಾಸಚೂಸೆಟ್ಸ್ ಬರುತ್ತವೆ. ನ್ಯೂಯಾರ್ಕ್‌ನಲ್ಲಂತೂ ಆ ರಾಜ್ಯದ್ದೇ ಪರವಾನಗಿ ಇಲ್ಲದೆ ಪಿಸ್ತೂಲನ್ನು ಮನೆಯೊಳಗೆ ಇಟ್ಟುಕೊಂಡರೂ ಅಪರಾಧ.

ಭಾರತದಿಂದ ಬಂದವರಿಗೆ ಇದು ತಟ್ಟನೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಬಂದೂಕಿನ ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಕಾನೂನು ಒಂದೇ, 1959ರ ಶಸ್ತ್ರಾಸ್ತ್ರ ಕಾಯ್ದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ಸಿಕ್ಕಿರುವ ವಿನಾಯಿತಿಯೂ ಆ ಕಾಯ್ದೆಯ ಅಡಿಯಲ್ಲೇ ಬಂದದ್ದು. ಅಮೆರಿಕದಲ್ಲಿ ಹಾಗಲ್ಲ. ಒಂದು ರಾಜ್ಯ ಕೊಟ್ಟ ಪರವಾನಗಿಯನ್ನು ಪಕ್ಕದ ರಾಜ್ಯ ಒಪ್ಪಲೇಬೇಕೆಂದಿಲ್ಲ. ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ಬೇರೆ ಯಾವ ರಾಜ್ಯದ ಪರವಾನಗಿಯನ್ನೂ ಒಪ್ಪುವುದಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ತಾಯಿಯೊಬ್ಬಳು ಪೆನ್ಸಿಲ್ವೇನಿಯಾದ ಪರವಾನಗಿ ಇಟ್ಟುಕೊಂಡೇ ನ್ಯೂಜೆರ್ಸಿಗೆ ಕಾರು ಓಡಿಸಿಕೊಂಡು ಹೋದಳು. ಪೊಲೀಸರು ತಡೆದಾಗ ತನ್ನ ಬಳಿ ಪಿಸ್ತೂಲು ಇದೆಯೆಂದು ತಾನೇ ಹೇಳಿದಳು, ಅಲ್ಲೇ ಬಂಧನವಾಯಿತು. ವರ್ಷಗಟ್ಟಲೆ ಜೈಲಿನ ಭಯದಲ್ಲಿ ಬದುಕಿದ ಆಕೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಅಂಥ ಕ್ಷಮಾದಾನ ಎಲ್ಲರಿಗೂ ಸಿಗುವುದಿಲ್ಲ.

ಪರವಾನಗಿಯೇ ಇಲ್ಲದವನು ಇಂಥ ರಾಜ್ಯಗಳನ್ನು ದಾಟುವುದಕ್ಕೆ ಒಂದು ಕಿರಿದಾದ ದಾರಿಯನ್ನು ಕೇಂದ್ರ ಸರ್ಕಾರದ ಕಾನೂನು ಬಿಟ್ಟಿದೆ. 1986ರ ಬಂದೂಕು ಮಾಲೀಕರ ರಕ್ಷಣಾ ಕಾಯ್ದೆಯಲ್ಲಿ ಬಂದ ಇದು ಈಗ ಅಮೆರಿಕದ ಸಂಹಿತೆಯ 18ನೇ ಶೀರ್ಷಿಕೆಯಲ್ಲಿ 926ಎ ಕಲಮು. ಹೊರಡುವ ಜಾಗದಲ್ಲಿ ಪಿಸ್ತೂಲನ್ನು ಇಟ್ಟುಕೊಳ್ಳಲು, ಒಯ್ಯಲು ನಿಮಗೆ ಹಕ್ಕಿರಬೇಕು. ತಲುಪುವ ಜಾಗದಲ್ಲೂ ಇರಬೇಕು. ಪಿಸ್ತೂಲಿನಲ್ಲಿ ಗುಂಡು ಇರಬಾರದು. ಪಿಸ್ತೂಲಾಗಲಿ ಗುಂಡಾಗಲಿ ಕಾರಿನಲ್ಲಿ ಕೂತವರ ಕೈಗೆ ಸಿಗುವಂತಿರಬಾರದು. ಇಷ್ಟಿದ್ದರೆ ನಡುವಿನ ರಾಜ್ಯ ಏನೇ ಹೇಳಲಿ, ನೀವು ಹಾದುಹೋಗಬಹುದು. ಈ ಕಲಮು ಕಾಯುವುದು ಪ್ರಯಾಣವನ್ನು ಮಾತ್ರ. ತಲುಪುವ ಊರೇ ನ್ಯೂಯಾರ್ಕ್ ಆಗಿದ್ದು ಅಲ್ಲಿಯ ಪರವಾನಗಿ ಇಲ್ಲದಿದ್ದರೆ ಇದರಿಂದ ಏನೂ ಪ್ರಯೋಜನವಿಲ್ಲ.

ಇದಕ್ಕೂ ಮೊದಲು ನಮ್ಮವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ನೀವು ಯಾವ ವೀಸಾದಲ್ಲಿ ಇದ್ದೀರಿ? ಎಚ್‌-1ಬಿ, ಎಲ್‌-1, ಎಫ್‌-1, ಎಚ್‌-4 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಶಿಕ್ಷೆ 15 ವರ್ಷದವರೆಗೂ ಹೋಗಬಹುದು. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು, ಆದರೆ ವಕೀಲರ ಮಾತಿಲ್ಲದೆ ಅದನ್ನು ನಂಬಿ ಯಾರೂ ಮುಂದುವರಿಯಬಾರದು. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದದ್ದೂ ಇದೇ ನಿಷೇಧದೊಳಗೆ ಬರುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ, ಪೌರರಾದವರಿಗೆ ಈ ತಡೆ ಇಲ್ಲ.

ಒಂದೇ ಮನೆಯಲ್ಲಿ ಗಂಡನಿಗೆ ಗ್ರೀನ್ ಕಾರ್ಡ್ ಬಂದಿದ್ದು ಹೆಂಡತಿ ಇನ್ನೂ ಎಚ್‌-1ಬಿಯಲ್ಲಿ ಇರುವುದು ನಮ್ಮವರಲ್ಲಿ ಅಪರೂಪವಲ್ಲ. ಪಿಸ್ತೂಲು ಗಂಡನದು, ಕಾರು ಇಬ್ಬರದು. ಡಿಕ್ಕಿಯಲ್ಲಿ ಪೆಟ್ಟಿಗೆ ಇದೆ, ಅದರ ಕೀಲಿಯೂ ಕಾರಿನ ಕೀಲಿಗೊಂಚಲಿನಲ್ಲೇ ಇದೆ. ಹೆಂಡತಿ ಒಬ್ಬಳೇ ಆ ಕಾರನ್ನು ತೆಗೆದುಕೊಂಡು ದಿನಸಿ ತರಲು ಹೋದರೆ ಪಿಸ್ತೂಲು ಯಾರ ವಶದಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಪೆಟ್ಟಿಗೆಯ ಕೀಲಿ ಅಥವಾ ಬೀಗದ ಸಂಖ್ಯೆ ಹಕ್ಕಿರುವವನ ಬಳಿ ಮಾತ್ರ ಇರಬೇಕು, ಅವನಿಲ್ಲದ ಕಾರಿನಲ್ಲಿ ಪಿಸ್ತೂಲು ಇರಲೇಬಾರದು. ಗ್ರೀನ್ ಕಾರ್ಡಿನವರಿಗೂ ಒಂದು ಮಾತು ಹೇಳಲೇಬೇಕು. ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ವಲಸೆ ಕಾನೂನಿನಲ್ಲಿ ಅದು ಗಡೀಪಾರಿಗೆ ಕಾರಣವಾಗಬಲ್ಲದು. ಅಮೆರಿಕದಲ್ಲೇ ಹುಟ್ಟಿದವನು ಇದೇ ತಪ್ಪಿಗೆ ಜೈಲು ಅನುಭವಿಸಿ ತನ್ನ ಮನೆಗೆ ಮರಳುತ್ತಾನೆ. ನಮ್ಮವನು ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವನ್ನೂ ಕಳೆದುಕೊಳ್ಳಬಹುದು. ಈ ವಿಷಯದಲ್ಲಿ ಇಷ್ಟು ಎಚ್ಚರ ಬೇಕು ಎನ್ನುವುದು ಇದಕ್ಕೇ.

ಈಗ ಪೆಟ್ಟಿಗೆಯ ಕೆಲಸ. ಪಿಸ್ತೂಲನ್ನು ಕಾರಿನ ಬಳಿಗೆ ತಂದು ಖಾಲಿ ಮಾಡಬೇಡಿ, ಮನೆಯೊಳಗೇ ಮಾಡಿ. ನಳಿಗೆಯ ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಬೆರಳನ್ನು ಟ್ರಿಗರ್‌ನಿಂದ ಹೊರಗಿಟ್ಟು, ಮೊದಲು ಮ್ಯಾಗಜೀನ್ ತೆಗೆಯಬೇಕು. ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ಒಳಗಿರುವ ಗುಂಡನ್ನು ಹೊರಹಾಕಬೇಕು. ಈ ಕ್ರಮ ತಿರುವುಮುರುವಾದರೆ, ಹೊರಬಿದ್ದ ಗುಂಡಿನ ಜಾಗಕ್ಕೆ ಮ್ಯಾಗಜೀನಿನಿಂದ ಇನ್ನೊಂದು ಬಂದು ಕೂರುತ್ತದೆ, ಪಿಸ್ತೂಲು ಖಾಲಿಯಾಯಿತೆಂದು ನೀವು ನಂಬಿರುತ್ತೀರಿ. ಸ್ಲೈಡನ್ನು ಹಿಂದೆಯೇ ನಿಲ್ಲಿಸಿ ಗುಂಡು ಕೂರುವ ಕೋಣೆಯನ್ನು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಿ. ರಿವಾಲ್ವರ್ ಆದರೆ ಸಿಲಿಂಡರನ್ನು ಹೊರಕ್ಕೆ ತೆರೆದು ಪ್ರತಿಯೊಂದು ತೂತನ್ನೂ ನೋಡಬೇಕು. ಪಿಸ್ತೂಲಿನ ಜೊತೆ ಸಾಮಾನ್ಯವಾಗಿ ಬರುವ ಕೇಬಲ್ ಬೀಗವನ್ನು ಅದರೊಳಗೆ ಹಾಯಿಸಿ, ಗಟ್ಟಿ ಪ್ಲಾಸ್ಟಿಕ್ ಅಥವಾ ಲೋಹದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ.

ಸೆಡಾನ್ ಕಾರಾದರೆ ಆ ಪೆಟ್ಟಿಗೆ ಡಿಕ್ಕಿಗೆ ಹೋಗಬೇಕು. ಆದರೆ ನಮ್ಮವರ ಮನೆಮುಂದೆ ನಿಂತಿರುವುದು ಹೆಚ್ಚಾಗಿ ಎಸ್‌ಯುವಿ, ಮಿನಿವ್ಯಾನ್. ಅವುಗಳಲ್ಲಿ ಹಿಂದಿನ ಸಾಮಾನಿನ ಜಾಗ ಮತ್ತು ಸೀಟು ಒಂದೇ ಕೋಣೆಯಲ್ಲಿರುತ್ತವೆ. ಇಂಥ ವಾಹನದಲ್ಲಿ ಪಿಸ್ತೂಲು, ಗುಂಡು ಎರಡೂ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಲೇಬೇಕೆಂದು ಕಲಮು ಹೇಳುತ್ತದೆ. ಗ್ಲೋವ್ ಬಾಕ್ಸ್ ಮತ್ತು ಎರಡು ಸೀಟಿನ ನಡುವಿನ ಕನ್ಸೋಲ್ ಪೆಟ್ಟಿಗೆಯ ಲೆಕ್ಕಕ್ಕೆ ಬರುವುದಿಲ್ಲ, ಅವಕ್ಕೆ ಬೀಗವಿದ್ದರೂ ಸರಿಯೇ. ಪೆಟ್ಟಿಗೆಯನ್ನು ಹಿಂದಿನ ಕೊನೆಯಲ್ಲಿ ಇಟ್ಟು ಅದರ ಮೇಲೆ ಸೂಟ್‌ಕೇಸುಗಳನ್ನು ಹೇರುವುದು ಒಳ್ಳೆಯದು.

ಗುಂಡಿನ ಬಗ್ಗೆ ನನ್ನ ಸಲಹೆ ಕಾನೂನಿಗಿಂತ ಕಟ್ಟುನಿಟ್ಟು: ಒಯ್ಯಲೇಬೇಡಿ. ನ್ಯೂಯಾರ್ಕ್‌ನ ದಂಡಸಂಹಿತೆಯಲ್ಲಿ ‘ಗುಂಡು ತುಂಬಿದ ಬಂದೂಕು’ ಎಂದರೆ ಗುಂಡು ಒಳಗಿರುವುದಷ್ಟೇ ಅಲ್ಲ. ಬಂದೂಕು ಮತ್ತು ಅದಕ್ಕೆ ಹೊಂದುವ ಗುಂಡು ಒಬ್ಬನ ಬಳಿ ಒಂದೇ ಹೊತ್ತಿನಲ್ಲಿ ಇದ್ದರೂ ಅದು ತುಂಬಿದ ಬಂದೂಕೇ. 926ಎ ಕಲಮಿನ ರಕ್ಷಣೆ ಯಾವುದೋ ಕಾರಣಕ್ಕೆ ಕೈತಪ್ಪಿದರೆ, ಪ್ರತ್ಯೇಕ ಡಬ್ಬಿಯಲ್ಲಿ ಅಚ್ಚುಕಟ್ಟಾಗಿ ಇಟ್ಟ ಗುಂಡೇ ಆರೋಪವನ್ನು ದೊಡ್ಡದು ಮಾಡುತ್ತದೆ. ನ್ಯಾಶುವಾಗೆ ತಲುಪಿದ ಮೇಲೆ ಗುಂಡು ಅಲ್ಲಿಯೇ ಸಿಗುತ್ತದೆ. ಮ್ಯಾಗಜೀನಿನದೂ ಇಂಥದೇ ಕಥೆ. ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಟಿಕಟ್, ಮ್ಯಾಸಚೂಸೆಟ್ಸ್‌ಗಳಲ್ಲಿ ಮಿತಿ 10 ಗುಂಡು. ಕೇಂದ್ರದ ಕಲಮು ಬಂದೂಕು ಮತ್ತು ಗುಂಡಿನ ಮಾತಾಡುತ್ತದೆ, ಮ್ಯಾಗಜೀನಿನ ಹೆಸರೆತ್ತುವುದಿಲ್ಲ. ಜಾರ್ಜಿಯಾದಲ್ಲಿ ಕೊಂಡ 15 ಗುಂಡಿನ ಮ್ಯಾಗಜೀನನ್ನು ಅಲ್ಲಿಯೇ ಮಾರಿಬಿಡುವುದು ಕ್ಷೇಮ.

ಇನ್ನು ರಾತ್ರಿಯ ತಂಗುವಿಕೆ. ಪ್ರಯಾಣವೆಂದರೆ ಎಲ್ಲಿಯವರೆಗೆ ಪ್ರಯಾಣ ಎಂಬುದಕ್ಕೆ ನ್ಯಾಯಾಲಯ ಉತ್ತರ ಕೊಟ್ಟಿದೆ. 2005ರಲ್ಲಿ ಯೂಟಾದಿಂದ ಪೆನ್ಸಿಲ್ವೇನಿಯಾಗೆ ಹೊರಟಿದ್ದ ರೆವೆಲ್ ಎಂಬ ವಿಮಾನ ಪ್ರಯಾಣಿಕನಿಗೆ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಮುಂದಿನ ಸಂಪರ್ಕ ತಪ್ಪಿತು. ಚೆಕ್‌-ಇನ್ ಮಾಡಿದ್ದ ಚೀಲ ಕೈಗೆ ಬಂತು, ಅದರಲ್ಲಿ ಬೀಗ ಹಾಕಿದ ಪಿಸ್ತೂಲು. ಆ ರಾತ್ರಿ ಹೋಟೆಲಿನಲ್ಲಿ ಮಲಗಿದ. ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಪಿಸ್ತೂಲು ಇದೆಯೆಂದು ಘೋಷಿಸಿದಾಗ ಬಂಧಿಸಿದರು. ಹೋಟೆಲಿನಲ್ಲಿ ಪಿಸ್ತೂಲು ಅವನ ಕೈಗೆಟುಕುವಂತಿತ್ತು, ಆದ್ದರಿಂದ ಕಲಮಿನ ರಕ್ಷಣೆ ಇಲ್ಲ ಎಂದು 2010ರಲ್ಲಿ ಮೂರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿತು. ತಪ್ಪು ಅವನದಲ್ಲ, ಆದರೂ ತೀರ್ಪು ಅವನ ವಿರುದ್ಧವೇ ಬಂತು. ಅದೇ ವರ್ಷ ನ್ಯೂಯಾರ್ಕ್ ಭಾಗದ ಎರಡನೇ ಸರ್ಕ್ಯೂಟ್ ಇನ್ನೊಂದು ಮಾತು ಸೇರಿಸಿತು. ಈ ಕಲಮಿನ ಆಧಾರದ ಮೇಲೆ, ಬಂಧಿಸಿದ ಪೊಲೀಸರ ಮೇಲೆ ನಾಗರಿಕ ಹಕ್ಕಿನ ದಾವೆ ಹೂಡಲು ಬರುವುದಿಲ್ಲ. ಅಂದರೆ ಕೇಸು ನಡೆದಾಗ ನಿಮ್ಮ ಪರ ವಾದಿಸಲು ಈ ಕಲಮು ಇದೆ, ಆದರೆ ಆ ರಾತ್ರಿ ಠಾಣೆಗೆ ಹೋಗುವುದನ್ನು ಅದು ತಪ್ಪಿಸುತ್ತದೆಂಬ ಖಾತ್ರಿ ಇಲ್ಲ.

ಹಾಗಾಗಿ ನಮ್ಮ ಕುಟುಂಬ ಭೂಪಟ ಹರಡಿಕೊಂಡು ಕೂರಬೇಕು. ಜಿಪಿಎಸ್ ಹೇಳುವ ಐ-95 ಹೆದ್ದಾರಿ ಡೆಲವೇರ್, ನ್ಯೂಜೆರ್ಸಿ, ನ್ಯೂಯಾರ್ಕ್ ನಗರದ ಮೈಮೇಲೆಯೇ ಹೋಗುತ್ತದೆ. ಅದರ ಬದಲು ಐ-85ರಲ್ಲಿ ಷಾರ್ಲೆಟ್, ಅಲ್ಲಿಂದ ಐ-77, ವರ್ಜೀನಿಯಾದ ವಿದ್‌ವಿಲ್‌ನಲ್ಲಿ ಐ-81 ಹಿಡಿದರೆ ದಾರಿ ಬೇರೆಯೇ. ಮೇರಿಲ್ಯಾಂಡ್ ಬರೀ 12 ಮೈಲಿಯಲ್ಲಿ ಮುಗಿಯುತ್ತದೆ. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಬಳಿ ಐ-84ಕ್ಕೆ ತಿರುಗಿದರೆ ನ್ಯೂಜೆರ್ಸಿ ಸಿಗುವುದೇ ಇಲ್ಲ, ನ್ಯೂಯಾರ್ಕ್ ರಾಜ್ಯ ಸುಮಾರು 70 ಮೈಲಿ. ಮೊದಲ ದಿನದ ತಂಗುವಿಕೆ ವರ್ಜೀನಿಯಾದ ವಿಂಚೆಸ್ಟರ್ ಆಸುಪಾಸಿನಲ್ಲಿ ಆಗಲಿ. ಅಲ್ಲಿಂದ ನ್ಯಾಶುವಾಗೆ ಸುಮಾರು 500 ಮೈಲಿ, ಬೆಳಗಿನ ಜಾವ ಹೊರಟರೆ ಕಟ್ಟುನಿಟ್ಟಿನ ರಾಜ್ಯಗಳಲ್ಲಿ ಒಂದು ರಾತ್ರಿಯೂ ಕಳೆಯದೆ ಮುಟ್ಟಬಹುದು. ಪೆಟ್ರೋಲ್ ಬಂಕ್, ಊಟ, ಶೌಚಾಲಯದ ನಿಲುಗಡೆ ಪ್ರಯಾಣದ ಭಾಗವೆಂದೇ ಸಾಮಾನ್ಯ ತಿಳಿವಳಿಕೆ. ಕನೆಟಿಕಟ್‌ನ ಗೆಳೆಯರ ಮನೆಯಲ್ಲಿ ಇಳಿದು ಹಬ್ಬದೂಟ ಮಾಡಿ ಮಲಗುವುದು ಪ್ರಯಾಣವಲ್ಲ. ಪ್ರೀತಿಯಿಂದ ಕರೆದರೂ ಈ ಒಂದು ಸಲ ಬೇಡವೆನ್ನಿ.

ನಯಾಗರಾದ ಮಾತು ಬೇರೆ ಹೇಳಬೇಕು. ಊರಿನಿಂದ ಅಪ್ಪ ಅಮ್ಮ ಬಂದರೆಂದರೆ ನಯಾಗರಾ ತಪ್ಪುವುದಿಲ್ಲ. ಆ ಜಲಪಾತದ ಅಮೆರಿಕದ ಬದಿ ಇರುವುದೇ ನ್ಯೂಯಾರ್ಕ್ ರಾಜ್ಯದಲ್ಲಿ. ನೋಡಲು ಅಲ್ಲಿ ತಂಗಿದವನಿಗೆ ಹಾದುಹೋಗುವವನ ರಕ್ಷಣೆ ಇಲ್ಲ. ತಪ್ಪು ತಿರುವಿನಲ್ಲಿ ಸೇತುವೆ ಹತ್ತಿದರೆ ಕೆನಡಾ, ಅಲ್ಲಿ ಅಮೆರಿಕದ ಕಾನೂನೇ ನಡೆಯುವುದಿಲ್ಲ. ಡೆಟ್ರಾಯಿಟ್‌ನಿಂದ ಬಫಲೋಗೆ ಒಂಟಾರಿಯೊ ಮೂಲಕ ಹೋಗುವ ಒಳದಾರಿಯನ್ನು ಜಿಪಿಎಸ್ ತೋರಿಸಿದರೂ ಪಿಸ್ತೂಲು ಇರುವ ಕಾರು ಅತ್ತ ಹೋಗಕೂಡದು.

ರಾಜ್ಯ ದಾಟದೆ ಮನೆಯಿಂದ ರೇಂಜಿಗೆ ಹೋಗಿಬರುವವರಿಗೆ ಆಯಾ ರಾಜ್ಯದ ನಿಯಮವೇ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ಖಾಲಿ ಪಿಸ್ತೂಲು ಬೀಗ ಹಾಕಿದ ಡಿಕ್ಕಿಯಲ್ಲೋ ಬೀಗ ಹಾಕಿದ ಪೆಟ್ಟಿಗೆಯಲ್ಲೋ ಇರಬೇಕು, ಕಾರಿಗೆ ಒಯ್ಯುವಾಗಲೂ ಪೆಟ್ಟಿಗೆಗೆ ಬೀಗವಿರಬೇಕು. ನ್ಯೂಜೆರ್ಸಿಯಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಕಾನೂನೇ ಹೇಳುತ್ತದೆ: ಮನೆ, ಸ್ವಂತ ವ್ಯಾಪಾರದ ಜಾಗ, ರೇಂಜ್ ಹೀಗೆ. ನಡುವೆ ಅಗತ್ಯಕ್ಕಿಂತ ಹೆಚ್ಚು ದಾರಿ ಬಿಡುವಂತಿಲ್ಲ, ಅಂದರೆ ರೇಂಜಿನಿಂದ ನೇರ ಸಿನಿಮಾಕ್ಕೆ ಹೋಗಬಾರದು. ಪೆನ್ಸಿಲ್ವೇನಿಯಾದಲ್ಲೂ ಪರವಾನಗಿ ಇಲ್ಲದೆ ಪಿಸ್ತೂಲನ್ನು ಕಾರಿನಲ್ಲಿ ಒಯ್ಯುವುದು ಅಪರಾಧವೇ, ರೇಂಜ್, ರಿಪೇರಿ, ಮನೆ ಬದಲಾವಣೆಯಂಥ ಕಾರಣಗಳಿಗೆ ವಿನಾಯಿತಿ. ಟೆಕ್ಸಸ್‌ನಲ್ಲಿ ಇಷ್ಟೆಲ್ಲ ಬಿಗಿ ಇಲ್ಲ, ಅಲ್ಲಿಂದ ಬಂದವರೇ ಬೇರೆ ಕಡೆ ಎಡವುವುದು. ಈ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತವೆ, ಹೊರಡುವ ವಾರ ಆಯಾ ರಾಜ್ಯದ ಪೊಲೀಸ್ ಇಲಾಖೆಯ ಮಾಹಿತಿ ನೋಡಿಕೊಳ್ಳಬೇಕು. ಅಂಚೆ ಕಚೇರಿಯ ಆವರಣಕ್ಕೆ ಮಾತ್ರ ಯಾವ ರಾಜ್ಯದಲ್ಲೂ ಪಿಸ್ತೂಲಿರುವ ಕಾರು ಒಯ್ಯಬೇಡಿ, ಅದು ಕೇಂದ್ರದ ಜಾಗ.

ಪೊಲೀಸರು ಕಾರು ನಿಲ್ಲಿಸಿದರೆ ಇಂಜಿನ್ ಆರಿಸಿ, ಕೈ ಎರಡನ್ನೂ ಸ್ಟಿಯರಿಂಗ್ ಮೇಲೆ ಕಾಣುವಂತಿಟ್ಟು ಸುಮ್ಮನೆ ಕೂರಬೇಕು. ಲೈಸೆನ್ಸ್, ನೋಂದಣಿ ಪತ್ರ ಎಲ್ಲಿವೆ ಎಂದು ಬಾಯಲ್ಲಿ ಹೇಳಿ, ಒಪ್ಪಿಗೆ ಬಂದ ಮೇಲೆ ತೆಗೆಯಿರಿ. ಪಿಸ್ತೂಲು ಇದೆಯೆಂದು ತಾನಾಗಿ ಹೇಳಬೇಕಾದ ಕಟ್ಟಳೆ ಕೆಲವು ರಾಜ್ಯಗಳಲ್ಲಿದೆ, ಎಲ್ಲ ಕಡೆಯೂ ಇಲ್ಲ. ಕೇಳಿದರೆ ಸುಳ್ಳಂತೂ ಹೇಳಕೂಡದು. ಕಾರು ಶೋಧಿಸಲು ಅನುಮತಿ ಕೇಳಿದರೆ ಇಲ್ಲವೆನ್ನುವ ಹಕ್ಕು ನಿಮಗಿದೆ, ಅದನ್ನು ಮರ್ಯಾದೆಯಿಂದ ಹೇಳಿ, ಅಡ್ಡ ನಿಲ್ಲಬೇಡಿ. ಜೊತೆಗೆ ಒಂದು ಫೋಲ್ಡರ್ ಇರಲಿ: ಪಿಸ್ತೂಲು ಕೊಂಡ ರಸೀದಿ, ಗ್ರೀನ್ ಕಾರ್ಡ್, ಹೊಸ ಮನೆಯ ಬಾಡಿಗೆ ಕರಾರು, ಕೆಲಸದ ನೇಮಕಾತಿ ಪತ್ರ, 926ಎ ಕಲಮಿನ ಮುದ್ರಿತ ಪ್ರತಿ. ಎಲ್ಲಿಂದ ಎಲ್ಲಿಗೆ, ಏಕೆ ಎಂಬುದಕ್ಕೆ ಕಾಗದವೇ ಸಾಕ್ಷಿ ಹೇಳಲಿ.

ನ್ಯಾಶುವಾದ ಮನೆ ಸೇರಿ ಪೆಟ್ಟಿಗೆ ಒಳಗಿಟ್ಟ ಮೇಲೆ ರೇಂಜಿಗೆ ಒಯ್ಯುತ್ತಿದ್ದ ಚೀಲವನ್ನು ತಲೆಕೆಳಗು ಮಾಡಿ ಕೊಡವಿ, ಒಳಗಿನ ಸಣ್ಣ ಜೇಬುಗಳಿಗೆ ಕೈ ಹಾಕಿ ನೋಡಿ. ಮರೆತುಹೋದ ಒಂದೇ ಒಂದು ಗುಂಡು ಅದೇ ಚೀಲದಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ತಲುಪಿದರೆ ಶಸ್ತ್ರಾಸ್ತ್ರ ಕಾಯ್ದೆಯ ಅಡಿ ಕೇಸು ಬೀಳಬಹುದು. ಆ ಚೀಲವನ್ನು ಊರಿನ ಪ್ರಯಾಣಕ್ಕೆ ಬಳಸದೇ ಇರುವುದೇ ಸರಿ.