ಹಳೆಯ ಯಂತ್ರಕ್ಕೆ ಹೊಸ ಆಟ ಎರಡು ದಿನದ ಕೆಲಸವಲ್ಲ

“ಚಿಕ್ಕ ಚಿಕ್ಕ ಚಿತ್ರ, ನಾಲ್ಕು ಬಣ್ಣ, ಪೀಂ ಪೀಂ ಸದ್ದು. ಈಗಿನ ಲ್ಯಾಪ್‌ಟಾಪ್ ಇದ್ದರೆ ಅಂಥ ಆಟ ಮಾಡಲು ಶನಿವಾರ ಭಾನುವಾರ ಸಾಕು.” ಹಳೆಯ ವಿಡಿಯೊ ಗೇಮ್ ಯಂತ್ರಗಳಿಗೆ ಹೊಸ ಆಟ ಬರೆಯುವ ಹವ್ಯಾಸದ ಮಾತು ಬಂದಲ್ಲೆಲ್ಲ ಯಾರಾದರೊಬ್ಬರು ಇದನ್ನು ಹೇಳಿಯೇ ತೀರುತ್ತಾರೆ. ಸಾಫ್ಟ್‌ವೇರ್ ಕೆಲಸದಲ್ಲಿರುವವರೇ ಹೆಚ್ಚು ಖಚಿತವಾಗಿ ಹೇಳುತ್ತಾರೆ ಎನ್ನುವುದು ನನಗೆ ಸಹಿಸಲಾಗದ ಸಂಗತಿ. ಕೇಳಿದವರು ಅದನ್ನೇ ನಂಬಿ ಆಟ ಶುರುಮಾಡುತ್ತಾರೆ, ಹದಿನೈದು ದಿನದಲ್ಲಿ ಕೈಬಿಡುತ್ತಾರೆ.

ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಂ 1985ರಲ್ಲಿ ಎನ್‌ಇಎಸ್ ಎಂಬ ಹೆಸರಲ್ಲಿ ಅಮೆರಿಕಕ್ಕೆ ಹೋಯಿತು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಲ್ಲಿ ಮಾರಿಯೊ, ಕಾಂಟ್ರಾ ಆಡಿಸಿದ ಅಗ್ಗದ ಪೆಟ್ಟಿಗೆಗಳು ಬಹುಪಾಲು ಇದರದೇ ನಕಲು. ಒಳಗಿರುವುದು ಸುಮಾರು 1.79 ಮೆಗಾಹರ್ಟ್ಜ್ ವೇಗದ 8 ಬಿಟ್ ಪ್ರೊಸೆಸರ್, ಕೆಲಸಕ್ಕೆ 2 ಕಿಲೋಬೈಟ್ ಮೆಮೊರಿ. ಗುಣಿಸಲು, ಭಾಗಿಸಲು ಆ ಪ್ರೊಸೆಸರಿಗೆ ನೇರ ಆಜ್ಞೆಯೇ ಇಲ್ಲ. ನಿಮ್ಮ ಲ್ಯಾಪ್‌ಟಾಪ್ ಎಷ್ಟೇ ಬಲಶಾಲಿಯಾಗಿರಲಿ, ಆಟ ಓಡಬೇಕಾದದ್ದು ಇದರ ಮೇಲೆ.

ಒಂದು ಉದಾಹರಣೆಯನ್ನೇ ಎತ್ತಿಕೊಳ್ಳೋಣ. ಜೋಡುಕರೆ ಕಂಬಳದ ಆಟ ಮಾಡಬೇಕು ಎಂದಿಟ್ಟುಕೊಳ್ಳಿ. ಎರಡು ಕರೆ (ಕೆಸರುನೀರಿನ ಓಟದ ಹಾದಿ), ಪ್ರತಿ ಕರೆಯಲ್ಲಿ ಒಂದು ಜೋಡಿ ಕೋಣ, ಹಿಂದೆ ಓಟಗಾರ, ಹಾರುವ ಕೆಸರುನೀರು. ಕಾಗದದ ಮೇಲೆ ಸೊಗಸಾಗಿದೆ. ಈಗ ಯಂತ್ರದ ಲೆಕ್ಕ ನೋಡಿ. ಚಲಿಸುವ ಚಿತ್ರಗಳನ್ನೆಲ್ಲ ಎನ್‌ಇಎಸ್ 8 ಪಿಕ್ಸೆಲ್ ಅಗಲದ ತುಂಡುಗಳಲ್ಲಿ ಜೋಡಿಸುತ್ತದೆ, ಇವೇ ಸ್ಪ್ರೈಟ್‌ಗಳು. ಪರದೆಯ ಮೇಲೆ ಒಟ್ಟು 64 ಸ್ಪ್ರೈಟ್ ಇರಬಹುದು, ಆದರೆ ಒಂದು ಅಡ್ಡಗೆರೆಯಲ್ಲಿ 8 ಮಾತ್ರ. ಒಂಬತ್ತನೆಯದು ಆ ಗೆರೆಯಲ್ಲಿ ಕಾಣಿಸುವುದೇ ಇಲ್ಲ. ಕೋಣ 32 ಪಿಕ್ಸೆಲ್ ಅಗಲವಿದ್ದರೆ ಒಂದಕ್ಕೆ 4 ಸ್ಪ್ರೈಟ್, ಜೋಡಿಗೆ 8. ಅಲ್ಲಿಗೆ ಗೆರೆ ಭರ್ತಿ. ಹಿಂದೆ ಓಡುವ ಓಟಗಾರ 16 ಪಿಕ್ಸೆಲ್ ಅಗಲದವನಾದರೆ ಅವನಿಗೆ ಇನ್ನೆರಡು ಬೇಕು, ಅವಕ್ಕೆ ಜಾಗವಿಲ್ಲ. ಕೋಣಗಳು ಓಡುತ್ತವೆ, ಓಟಗಾರ ಮಾಯ!

ಇಲ್ಲಿ ಯೋಜನೆ ಎನ್ನುವುದು ಶುರುವಾಗುತ್ತದೆ. ಎರಡು ಕೋಣಗಳನ್ನು ಒಂದರ ಮರೆಗೆ ಇನ್ನೊಂದು ನಿಂತಂತೆ ಒಂದೇ ಚಿತ್ರವಾಗಿ ಬರೆದರೆ ಜೋಡಿಗೆ 4 ಸ್ಪ್ರೈಟ್ ಸಾಕು. ಓಟಗಾರನಿಗೆ 2, ಕೆಸರಿಗೆ 2. ಸರಿಯಾಗಿ ಎಂಟು. ಇನ್ನೊಂದು ಕರೆಯನ್ನು ಪರದೆಯಲ್ಲಿ ಕೆಳಗಿಟ್ಟರೆ ಅದರ ಗೆರೆಗಳೇ ಬೇರೆ, ಆದ್ದರಿಂದ ಅದಕ್ಕೆ ಪ್ರತ್ಯೇಕವಾಗಿ ಎಂಟು ಸಿಗುತ್ತವೆ. ನೀರು ಹಾರುವ ಎತ್ತರವನ್ನೇ ನೋಡುವ ಕನೆಹಲಗೆ ಓಟದಲ್ಲಿ ನೀರು ಮೇಲೆ ಕಟ್ಟಿದ ನಿಶಾನೆಯವರೆಗೆ ಚಿಮ್ಮಬೇಕಲ್ಲ, ಅದು ಕೋಣಗಳ ತಲೆ ದಾಟಿ ಮೇಲೆ ಹೋಗುವುದರಿಂದ ಅಲ್ಲಿ ಗೆರೆಗಳು ಖಾಲಿಯಿರುತ್ತವೆ, ಧಾರಾಳವಾಗಿ ಹಾರಿಸಬಹುದು. ಕರೆಗಳು ಮೇಲೆ ಕೆಳಗೆ ಇರುವುದು, ಕೋಣಗಳು ಒಂದರ ಮರೆಗೊಂದು ನಿಲ್ಲುವುದು, ನೀರಿನ ಎತ್ತರ, ಎಲ್ಲವನ್ನೂ ಆ ಎಂಟರ ಲೆಕ್ಕವೇ ತೀರ್ಮಾನಿಸಿತು.

ಹಿನ್ನೆಲೆಗೆ ಬನ್ನಿ. ಸರಳ ಕ್ಯಾಸೆಟ್ಟಿನಲ್ಲಿ ಚಿತ್ರಗಳಿಗೆ ಇರುವುದು 8 ಕಿಲೋಬೈಟ್, ಅಂದರೆ 8×8 ಪಿಕ್ಸೆಲ್ಲಿನ 512 ಟೈಲ್. ಸಾಮಾನ್ಯವಾಗಿ ಅರ್ಧ ಸ್ಪ್ರೈಟಿಗೆ, ಅರ್ಧ ಹಿನ್ನೆಲೆಗೆ. ಬಣ್ಣದ ಗುಂಪನ್ನು 16×16ರ ಚೌಕಕ್ಕೆ ಒಂದರಂತೆ ಮಾತ್ರ ಕೊಡಬಹುದು. ಹಾಗಾಗಿ ಕೆಸರು ಮುಗಿದು ದಂಡೆ ಶುರುವಾಗುವ ಅಂಚು ಆ ಚೌಕದ ಗಡಿಯಲ್ಲೇ ಬೀಳಬೇಕು. ದಂಡೆಯ ಮೇಲಿನ ಜನ ಕುಣಿಯಬೇಕೆ? ಚಿತ್ರ ಬದಲಿಸಬೇಡಿ, ಅವರ ಅಂಗಿಗಳ ಎರಡು ಬಣ್ಣವನ್ನು ಅದಲುಬದಲು ಮಾಡುತ್ತಿರಿ. ಎರಡೇ ಬೈಟಿನ ಖರ್ಚು. ಇನ್ನು ಕನ್ನಡದಲ್ಲಿ ಬರೆಯಬೇಕೆಂದರೆ ಬೇರೆಯೇ ಸವಾಲು. ಇಂಗ್ಲಿಷಿನ 26 ಅಕ್ಷರ, 10 ಅಂಕಿಗಳಿಗೆ 36 ಟೈಲ್ ಸಾಕು. ಒತ್ತು, ದೀರ್ಘ, ಗುಡಿಸು ಸೇರಿದ ನಮ್ಮ ಅಕ್ಷರ ಒಂದು ಟೈಲಿನಲ್ಲಿ ಓದುವಂತೆ ಕೂರುವುದಿಲ್ಲ. ನಾಲ್ಕು ಟೈಲ್ ಕೊಟ್ಟರೆ 64 ಅಕ್ಷರಕ್ಕೆ ಹಿನ್ನೆಲೆಯ ಪಾಲು ಪೂರ್ತಿ ಮುಗಿದು, ಕರೆಗೂ ದಂಡೆಗೂ ಏನೂ ಉಳಿಯುವುದಿಲ್ಲ. ಆದ್ದರಿಂದ ಇಡೀ ವರ್ಣಮಾಲೆ ಬರೆಯುವ ಆಸೆ ಬಿಟ್ಟು, ಆಟದಲ್ಲಿ ನಿಜವಾಗಿ ಬರುವ ಪದಗಳನ್ನು ಮೊದಲೇ ಪಟ್ಟಿ ಮಾಡಿ ಅಷ್ಟನ್ನೇ ಚಿತ್ರಿಸಬೇಕು.

ವೇಗವೂ ಹಾಗೆಯೇ. ಅಮೆರಿಕ, ಜಪಾನಿನ ಟಿವಿ ಸೆಕೆಂಡಿಗೆ 60 ಬಾರಿ ಪರದೆ ಗೀಚುತ್ತದೆ, ನಮ್ಮ ಪಾಲ್ ಟಿವಿ 50 ಬಾರಿ. ಪ್ರತಿ ಬಾರಿಗೆ ಇಷ್ಟು ಹೆಜ್ಜೆ ಎಂದು ಬರೆದ ಓಟ ಇಲ್ಲಿ ಆರರಲ್ಲೊಂದು ಪಾಲು ನಿಧಾನವಾಗುತ್ತದೆ. ಸೆಕೆಂಡುಗಳ ಮೇಲೆ ನಿಂತ ಪಂದ್ಯಕ್ಕೆ ಇದು ಸಣ್ಣ ವಿಷಯವಲ್ಲ.

ಸಲಕರಣೆಗಳು ಸುಧಾರಿಸಿವೆ, ನಿಜ. ಸಿಸಿ65 ಬಳಸಿ ಸಿ ಭಾಷೆಯಲ್ಲಿ ಬರೆಯಬಹುದು, ಫ್ಯಾಮಿಟ್ರ್ಯಾಕರಿನಲ್ಲಿ ಸಂಗೀತ ಕೂಡಿಸಬಹುದು. ಇವು ಟೈಪಿಂಗಿನ ಹೊರೆ ಇಳಿಸುತ್ತವೆ. ಒಂಬತ್ತನೆಯ ಸ್ಪ್ರೈಟನ್ನು ತೋರಿಸುವುದಿಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರಿನಲ್ಲಿ ಓಡಿದ್ದೆಲ್ಲ ಯಂತ್ರದಲ್ಲೂ ಓಡುತ್ತದೆ ಎನ್ನುವುದು ತಪ್ಪು: ನಿಜವಾದ ಯಂತ್ರ ಆನ್ ಆದಾಗ ಮೆಮೊರಿಯಲ್ಲಿ ಏನಿರುತ್ತದೆಂದು ಹೇಳಲಾಗದು, ಅದು ಸೊನ್ನೆಯೆಂದು ನಂಬಿ ಬರೆದ ಆಟ ಅಲ್ಲೇ ಕೆಡುತ್ತದೆ. ಕ್ಯಾಸೆಟ್ಟಿಗೆ ಊದಿದರೆ ಸರಿಹೋಗುತ್ತದೆ ಎನ್ನುವುದೂ ತಪ್ಪು. ಸರಿಹೋಗುವುದು ತೆಗೆದು ಮತ್ತೆ ಹಾಕಿದ್ದರಿಂದ, ಬಾಯಿಯ ತೇವ ಪಿನ್ನುಗಳಿಗೆ ಹಾನಿ. 1982ರಲ್ಲಿ ಬೇರೊಂದು ಯಂತ್ರಕ್ಕೆ ಬಂದ ಇ.ಟಿ. ಆಟ ಐದೇ ವಾರದಲ್ಲಿ ಆಯಿತಲ್ಲ ಎನ್ನುವವರು, ಅದನ್ನು ಬರೆದ ಹೊವಾರ್ಡ್ ಸ್ಕಾಟ್ ವಾರ್ಷಾ ಅದಾಗಲೇ ‘ಯಾರ್ಸ್ ರಿವೆಂಜ್’ ಮಾಡಿ ಕೈಪಳಗಿದವರು ಎಂಬುದನ್ನೂ, ಮಾರಾಟವಾಗದ ಅದರ ಕ್ಯಾಸೆಟ್ಟುಗಳು 2014ರಲ್ಲಿ ನ್ಯೂ ಮೆಕ್ಸಿಕೊದ ಕಸದ ಗುಂಡಿಯಿಂದ ಹೊರಬಂದವು ಎಂಬುದನ್ನೂ ಸೇರಿಸಿ ಹೇಳಬೇಕು.

ಕಣ್ಣಿಗೆ ಕಂಡದ್ದನ್ನು ಹಾಗೆಯೇ ನಂಬುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಕ್ಯಾಸೆಟ್ಟಿನ ಮೇಲೆ ‘9999999 ಆಟ’ ಎಂದು ಅಚ್ಚು ಹಾಕಿದ್ದರು, ನಂಬಿ ಕೊಂಡೆವು. ಒಳಗೆ ಇದ್ದದ್ದು ಬೆರಳೆಣಿಕೆಯ ಆಟಗಳು, ಮತ್ತೆ ಮತ್ತೆ ಬೇರೆ ಹೆಸರಿನಲ್ಲಿ. ಈಗ ‘ಕೋಡ್ ಬೇಡ, ಒಂದು ಸಂಜೆಯಲ್ಲಿ ಆಟ ರೆಡಿ’ ಎನ್ನುವ ಜಾಹೀರಾತನ್ನೂ ಅಷ್ಟೇ ಸಲೀಸಾಗಿ ನಂಬುತ್ತಿದ್ದೇವೆ. ಚಿತ್ರ ಚಿಕ್ಕದು, ಆದ್ದರಿಂದ ಕೆಲಸವೂ ಚಿಕ್ಕದು ಎಂಬ ತರ್ಕ ಇದರದೇ ಮುಂದುವರಿಕೆ. ಸೂಪರ್ ಮಾರಿಯೊ ಬ್ರದರ್ಸ್ ಇಡಿಯಾಗಿ 40 ಕಿಲೋಬೈಟ್. ಅದರ ಮೋಡಕ್ಕೂ ಪೊದೆಗೂ ಚಿತ್ರ ಒಂದೇ, ಬಣ್ಣ ಮಾತ್ರ ಬೇರೆ. ಯಾರೋ ಕೂತು ಯೋಚಿಸಿ, ಜಾಗ ಎಣಿಸಿ ಮಾಡಿದ ಕೆಲಸ ಅದು. 2019ರಲ್ಲಿ ಮಾರ್ಫ್‌ಕ್ಯಾಟ್ ಗೇಮ್ಸ್ ತಂಡ ‘ಮೈಕ್ರೊ ಮೇಜಸ್’ ಎಂಬ ಆಟವನ್ನು ಅದೇ 40 ಕಿಲೋಬೈಟಿನಲ್ಲಿ, ನಾಲ್ಕು ಜನ ಒಟ್ಟಿಗೆ ಆಡುವಂತೆ ಮಾಡಿತು. ಇಂಥ ಆಟ ಕಂಡಾಗ ನನಗೆ ಹೆಮ್ಮೆಯೇ ಆಗುತ್ತದೆ. ಅದನ್ನು ವಾರಾಂತ್ಯದ ಕೆಲಸ ಎಂದು ಕರೆದರೆ ಸಿಟ್ಟು ಬರುತ್ತದೆ.

ಆಟ ಮಾಡುವ ಆಸೆ ನಿಜವಾಗಿಯೂ ಇದ್ದರೆ ಮೊದಲು ಕೋಡ್ ಬರೆಯಲು ಹೋಗಬೇಡಿ. ಚೌಕಳಿ ಹಾಳೆಯಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 30 ಮನೆ ಗೆರೆ ಹಾಕಿಕೊಳ್ಳಿ. ಆಟದ ಅತಿ ಗಿಜಿಗುಡುವ ಕ್ಷಣವನ್ನು ಅದರಲ್ಲಿ ಬರೆಯಿರಿ, ಚಲಿಸುವ ತುಂಡುಗಳನ್ನು ಸಾಲುಸಾಲಾಗಿ ಎಣಿಸಿ. ಯಾವುದಾದರೂ ಸಾಲಿನಲ್ಲಿ ಎಂಟು ದಾಟಿದರೆ ಆಟವನ್ನು ಅಲ್ಲೇ, ಹಾಳೆಯ ಮೇಲೆಯೇ ಬದಲಿಸಿ.